ಟ್ರಾಯ್ ಯುದ್ಧನ ಗ್ರಾಫಿಕ್ ನಾವೆಲ್ ಮಾಡೋರಿಗೆ: ಎಲ್ಲಿಂದ ಶುರು ಮಾಡ್ಬೇಕು, ಏನೇನು ಬಿಡ್ಬೇಕು

ಗ್ರೀಕರ ಯುದ್ಧದ ಕಥೆನ ಚಿತ್ರದಲ್ಲಿ ಹೇಳ್ಬೇಕು ಅಂತ ಕೂತೋರು ಸುಮಾರು ಜನ ಮಾಡೋ ಪ್ಲಾನ್ ಒಂದೇ ಥರ ಇರತ್ತೆ: ಚಿನ್ನದ ಸೇಬಿನಿಂದ ಶುರು, ಮರದ ಕುದುರೆಗೆ ಮುಗೀತು, ಮಧ್ಯ ಹತ್ತು ವರ್ಷದ ಯುದ್ಧ ಪೂರ್ತಿ. ಮೂವತ್ತು ಪೇಜು ಆಗೋ ಹೊತ್ತಿಗೆ ಹೆಲೆನ್ (ಟ್ರಾಯ್ ರಾಜಕುಮಾರ ಪ್ಯಾರಿಸ್ ಕರ್ಕೊಂಡು ಹೋಗೋ ಗ್ರೀಕ್ ರಾಣಿ, ಯುದ್ಧಕ್ಕೆ ಕಾರಣ) ಇನ್ನೂ ಹಡಗೇ ಹತ್ತಿರಲ್ಲ, ಬರೆಯೋರಿಗೆ ಸುಸ್ತು, ಪ್ರಾಜೆಕ್ಟ್ ಫೋಲ್ಡರಲ್ಲೇ ಮಲಗಿಬಿಡತ್ತೆ. ಆದ್ರೆ ಈ ಯುದ್ಧದ ಕಾವ್ಯ ಇಲಿಯಡ್ ಬರೆದ ಗ್ರೀಕ್ ಕವಿ ಹೋಮರನೇ ಹಂಗೆ ಮಾಡಿಲ್ಲ ಅನ್ನೋದನ್ನ ಮೊದಲು ಗಮನಿಸಿ. ಇಲಿಯಡ್‌ನಲ್ಲಿ 24 ಕಾಂಡ, ಹದಿನೈದೂವರೆ ಸಾವಿರಕ್ಕಿಂತ ಜಾಸ್ತಿ ಸಾಲು, ಅಷ್ಟರಲ್ಲಿ ಹೇಳಿರೋದು ಯುದ್ಧದ ಹತ್ತನೇ ವರ್ಷದ ಸುಮಾರು ಐವತ್ತು ದಿನದ ಕಥೆ, ಅದರಲ್ಲೂ ನಿಜವಾಗಿ ಹೊಡೆದಾಟ ನಡೆಯೋದು ನಾಲ್ಕೇ ದಿನ. ಗ್ರೀಕರ ದೊಡ್ಡ ವೀರ ಅಕಿಲೀಸ್ ಮತ್ತೆ ಅವರ ಸೇನಾಧಿಪತಿ ಅಗಮೆಮ್ನಾನ್ ಜಗಳದಿಂದ ಶುರುವಾಗಿ ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಸಂಸ್ಕಾರಕ್ಕೆ ನಿಂತೋಗತ್ತೆ. ಟ್ರಾಯ್ ಇನ್ನೂ ಬಿದ್ದೇ ಇಲ್ಲ.

ಮೊದಲ ಕೆಲಸ: ತುಂಡು ಆರಿಸ್ಕೊಳ್ಳೋದು

ಯಾವ ಘಟನೆ ಯಾವ ಪುಸ್ತಕದಲ್ಲಿದೆ ಅಂತ ಒಂದು ಪಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ನಾವೆಲ್ಲ "ಇಲಿಯಡ್ ಕಥೆ" ಅಂದ್ಕೊಂಡಿರೋದರಲ್ಲಿ ಅರ್ಧ ಇಲಿಯಡ್‌ನಲ್ಲೇ ಇಲ್ಲ. ಮರದ ಕುದುರೆ ಕಥೆ ಸಿಗೋದು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಸ್ವಲ್ಪ, ಆಮೇಲೆ ರೋಮಿನ ಕವಿ ವರ್ಜಿಲ್‌ನ ಈನಿಯಡ್ ಎರಡನೇ ಕಾಂಡದಲ್ಲಿ ವಿವರವಾಗಿ. ಅಕಿಲೀಸ್‌ನ ತಾಯಿ ಅವನ ಹಿಮ್ಮಡಿ ಹಿಡ್ಕೊಂಡು ಅವನನ್ನ ಸ್ಟಿಕ್ಸ್ ನದಿಯಲ್ಲಿ ಅದ್ದಿದ್ದು ಇನ್ನೂ ತಡ, ಕ್ರಿ.ಶ. ಒಂದನೇ ಶತಮಾನದ ಸ್ಟೇಷಿಯಸ್ ಅನ್ನೋ ರೋಮನ್ ಕವಿ ಹತ್ರ ಬರತ್ತೆ. ಅಗಮೆಮ್ನಾನ್ ಮಗಳು ಇಫಿಜೀನಿಯಾ ಬಲಿ ಇರೋದು ನಾಟಕಗಳಲ್ಲಿ, ಅದರಲ್ಲೂ ಒಬ್ಬರಲ್ಲಿ ಹುಡುಗಿ ಸತ್ತೇ ಹೋಗ್ತಾಳೆ, ಇನ್ನೊಬ್ಬರಲ್ಲಿ ದೇವತೆ ಅವಳ ಜಾಗಕ್ಕೆ ಜಿಂಕೆ ಇಟ್ಟು ಎತ್ಕೊಂಡು ಹೋಗ್ತಾಳೆ. ಯೂರಿಪಿಡೀಸ್ ಕ್ರಿ.ಪೂ. 412ರ ನಾಟಕದಲ್ಲಂತೂ ಹೆಲೆನ್ ಟ್ರಾಯ್‌ಗೆ ಹೋಗೇ ಇಲ್ಲ, ಅಲ್ಲಿದ್ದಿದ್ದು ಬರೀ ಅವಳ ನೆರಳು, ಅವಳು ಈಜಿಪ್ಟಲ್ಲಿ ಕೂತಿದ್ಲು ಅಂತಾನೆ. ಅಂದ್ರೆ "ಒರಿಜಿನಲ್ ಹಿಂಗಿಲ್ಲ" ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ ಹೆದರ್ಬೇಡಿ, ಗ್ರೀಕರೇ ಒಬ್ಬೊಬ್ಬರು ಒಂದೊಂದು ಥರ ಹೇಳಿದಾರೆ. ನೀವು ಯಾವುದನ್ನ ತಗೊಂಡ್ರಿ ಅಂತ ನಿಮಗೆ ಗೊತ್ತಿದ್ರೆ ಸಾಕು.

ಮೊದಲ ಸಲ ಮಾಡೋರಿಗೆ ನನ್ನ ಸಲಹೆ, ಒಂದೇ ಕಾಂಡ. ಆರನೇ ಕಾಂಡ (ಹೆಕ್ಟರ್ ಹೆಂಡತಿ ಮಗುನ ನೋಡೋಕೆ ಬರೋದು) ಇಲ್ಲ ಇಪ್ಪತ್ನಾಲ್ಕನೇ ಕಾಂಡ (ಮುದುಕ ರಾಜ ಪ್ರಯಾಮ್ ಮಗನ ಹೆಣ ಕೇಳ್ಕೊಂಡು ರಾತ್ರೋರಾತ್ರಿ ಅಕಿಲೀಸ್ ಡೇರೆಗೆ ಹೋಗಿ, ತನ್ನ ಮಗನನ್ನ ಕೊಂದ ಕೈಗೇ ಮುತ್ತಿಡೋದು). ಇಪ್ಪತ್ನಾಲ್ಕನ್ನ 40-48 ಪೇಜಲ್ಲಿ ಚೆನ್ನಾಗಿ ಹೇಳ್ಬಹುದು. ಇದಕ್ಕಿಂತ ದೊಡ್ಡದು ಬೇಕೇ ಬೇಕು ಅಂದ್ರೆ ಅಕಿಲೀಸ್ ಗೆಳೆಯ ಪ್ಯಾಟ್ರೊಕ್ಲಸ್ ಸಾಯೋ 16ನೇ ಕಾಂಡದಿಂದ ಕೊನೇವರೆಗೆ ತಗೊಳ್ಳಿ, ಅದೊಂದು ಪೂರ್ತಿ ಪುಸ್ತಕ ಆಗತ್ತೆ.

ಓದೋದು, ನೋಟ್ಸ್ ಮಾಡೋದು

ಹೋಮರನಿಗೆ ಕಾಪಿರೈಟ್ ಇಲ್ಲ ಆದ್ರೆ ಅನುವಾದಕರಿಗೆ ಇರತ್ತೆ, ಇದು ಮರೀಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡ ಮೇಲೆ 60 ವರ್ಷ ಹಕ್ಕು ಉಳಿಯತ್ತೆ. ಸ್ಯಾಮ್ಯುಯೆಲ್ ಬಟ್ಲರ್ 1898ರಲ್ಲಿ ತಂದ ಇಂಗ್ಲಿಷ್ ಗದ್ಯ ಅನುವಾದ ಈಗ ಎಲ್ಲರದ್ದೂ, ಪ್ರಾಜೆಕ್ಟ್ ಗುಟೆನ್‌ಬರ್ಗಲ್ಲಿ ಫ್ರೀ ಸಿಗತ್ತೆ (ಅವನು ದೇವರುಗಳಿಗೆ ರೋಮನ್ ಹೆಸರು ಇಟ್ಟಿದಾನೆ, ಜ್ಯೂಸ್ ಬದ್ಲು ಜೋವ್, ಅಥೀನಾ ಬದ್ಲು ಮಿನರ್ವಾ, ಓದುವಾಗ ತಲೆಕೆಡಿಸ್ಕೋಬೇಡಿ). ಹೊಸ ಅನುವಾದ ಓದಿ ಅರ್ಥ ಮಾಡ್ಕೊಳ್ಳೋಕೆ ತೊಂದ್ರೆ ಇಲ್ಲ, ಅದರ ವಾಕ್ಯ ಎತ್ತಿ ಪಾತ್ರಗಳ ಮಾತಿನ ಬಬಲ್‌ಗೆ ಹಾಕೋ ಹಂಗಿಲ್ಲ ಅಷ್ಟೇ.

ಓದ್ತಾ ಇರುವಾಗ ಯಾರು ಮಾತಾಡ್ತಿದಾರೆ, ಎಲ್ಲಿ ನಿಂತಿದಾರೆ, ಕೈಯಲ್ಲಿ ಏನಿದೆ, ಬೆಳಗ್ಗೇನೋ ರಾತ್ರಿನೋ ಅಂತ ಬರ್ಕೊಂಡು ಹೋಗಿ. ಇಲಿಯಡ್‌ನಲ್ಲಿ ಹತ್ರ ಹತ್ರ ಅರ್ಧ ಭಾಗ ನೇರ ಮಾತುಗಳೇ, ಸ್ಕ್ರಿಪ್ಟ್ ಬರೆಯೋರಿಗೆ ಇದೊಂದು ಲಾಟ್ರಿ ಹೊಡೆದಂಗೆ. ಕೈಯಲ್ಲಿ ಏನಿದೆ ಅನ್ನೋದನ್ನ ಮಾತ್ರ ಬಿಡಲೇಬೇಡಿ, ಹೋಮರ್ ವಸ್ತು ಹಿಡ್ಕೊಂಡೇ ಕಥೆ ಹೇಳೋನು. ಉದಾಹರಣೆಗೆ ಅಕಿಲೀಸ್‌ನ ಹಳೇ ಕವಚ ನೋಡಿ, 16ನೇ ಕಾಂಡದಲ್ಲಿ ಅದನ್ನ ಹಾಕ್ಕೊಂಡು ಯುದ್ಧಕ್ಕೆ ಹೋಗೋನು ಪ್ಯಾಟ್ರೊಕ್ಲಸ್, ಅವನು ಸತ್ತ ಮೇಲೆ ಹೆಕ್ಟರ್ ಅದನ್ನ ಕಿತ್ಕೊಂಡು ತಾನು ಹಾಕ್ಕೊಳ್ತಾನೆ. 22ನೇ ಕಾಂಡದಲ್ಲಿ ಅಕಿಲೀಸ್ ಎದುರಿಗೆ ನಿಂತಿರೋ ಹೆಕ್ಟರ್ ಮೈಮೇಲೆ ಇರೋದು ಅಕಿಲೀಸ್‌ನದೇ ಕವಚ, ಎಲ್ಲಿ ಸಂದಿ ಇದೆ ಅಂತ ಹುಡುಕಿ ಕುತ್ತಿಗೆ ಹತ್ರ ಈಟಿ ಹಾಕ್ತಾನೆ. ಒಂದೇ ಕವಚ, ಮೂರು ಮೈ. ಅದಕ್ಕೆ ಆ ಕವಚದ ಡಿಸೈನ್ ದೂರದಿಂದ ಕಪ್ಪು ಆಕಾರದಲ್ಲಿ ನೋಡಿದ್ರೂ ಗುರುತು ಸಿಗಬೇಕು, ಭುಜದ ಹತ್ರ ಏನಾದ್ರೂ ವಿಶೇಷ ಇಡಿ, ಕುತ್ತಿಗೆ ಹತ್ರದ ಸಂದಿನ 16ನೇ ಕಾಂಡದಲ್ಲೇ ಒಂದು ಸಲ ಸುಮ್ನೆ ತೋರಿಸಿಬಿಡಿ. ಓದುಗರಿಗೆ ಕ್ಯಾಪ್ಷನ್ ಹಾಕಿ ಹೇಳೋ ಅವಶ್ಯಕತೆನೇ ಬರಲ್ಲ.

ದೇವರುಗಳನ್ನ ಏನ್ ಮಾಡೋದು

ಇದನ್ನ ಒಂದು ಗೆರೆ ಎಳೆಯೋಕೂ ಮುಂಚೆ ತೀರ್ಮಾನ ಮಾಡಿ. ದೇವರುಗಳನ್ನ ಪೂರ್ತಿ ತೆಗೆದು ಬರೀ ರಾಜಕೀಯ ಕಥೆ ಮಾಡ್ಬಹುದು, ಈಗ ಅದೇ ಫ್ಯಾಷನ್. ನನಗೆ ಅದು ಇಷ್ಟ ಇಲ್ಲ, ಯಾಕಂದ್ರೆ ಹೋಮರ್ ದೇವರುಗಳನ್ನ ಚಿತ್ರಕಾರನಿಗೆ ಅಂತಾನೇ ಬರೆದಿರೋ ಥರ ಇದೆ. ಒಂದನೇ ಕಾಂಡದಲ್ಲಿ ಅಕಿಲೀಸ್ ಕೋಪ ತಡೀದೆ ಕತ್ತಿ ಹಿರೀತಿರ್ತಾನೆ, ಅಥೀನಾ ಹಿಂದಿನಿಂದ ಬಂದು ಕೂದಲು ಹಿಡಿದು ಎಳೀತಾಳೆ, ಅವಳು ಕಾಣೋದು ಅವನೊಬ್ಬನಿಗೇ. ಇದನ್ನ ಎರಡು ಪ್ಯಾನೆಲ್ (ಚಿತ್ರದ ಚೌಕಟ್ಟು) ಮಾಡಿ, ಒಂದರಲ್ಲಿ ಅವನ ಕಣ್ಣಿಂದ ನೋಡಿದಂಗೆ ಅಥೀನಾ ಇದಾಳೆ, ಇನ್ನೊಂದರಲ್ಲಿ ಅದೇ ಫ್ರೇಮು ಉಳಿದ ಸೈನಿಕರ ಕಣ್ಣಿಂದ, ಅಕಿಲೀಸ್ ಒಬ್ಬನೇ ತಲೆ ಹಿಂದಕ್ಕೆ ವಾಲಿಸಿ ಗಾಳಿ ಜೊತೆ ಮಾತಾಡ್ತಿದಾನೆ. ಸಿನಿಮಾದಲ್ಲಿ ಇದನ್ನ ಮಾಡೋಕೆ ಹೋದ್ರೆ ಒದ್ದಾಡ್ಬೇಕು, ಪೇಜಲ್ಲಿ ಎರಡೂ ಪಕ್ಕಪಕ್ಕ ಕೂತ್ಕೊಳ್ಳತ್ತೆ.

ಕಥೆ ಯಾರ ಕಣ್ಣಿಂದ ಅನ್ನೋದೂ ಇಲ್ಲೇ ಬರತ್ತೆ. ಮೂರನೇ ಕಾಂಡದಲ್ಲಿ ಹೆಲೆನ್ ಮನೇಲಿ ಕೂತು ದೊಡ್ಡ ಬಟ್ಟೆ ನೇಯ್ತಿರ್ತಾಳೆ, ಅದರಲ್ಲಿ ಅವಳು ನೇಯ್ತಿರೋ ಚಿತ್ರ ಇದೇ ಯುದ್ಧದ್ದು. ಚಾಪ್ಟರ್ ಶುರುವಾಗೋ ಪೇಜುಗಳನ್ನೆಲ್ಲ ಅವಳ ನೇಯ್ಗೆ ಥರ ಬರೆದ್ರೆ ನಿರೂಪಕಿ ಸಿಕ್ಕಿಬಿಟ್ಟಳು.

ರೆಫರೆನ್ಸ್: ಇಲ್ಲೇ ಎಲ್ಲರೂ ಜಾರೋದು

ಗೂಗಲ್ ಇಮೇಜಲ್ಲಿ ಗ್ರೀಕ್ ಸೈನಿಕ ಅಂತ ಹುಡುಕಿದ್ರೆ ಬರೋದು ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ಟು, ದೊಡ್ಡ ದುಂಡು ಗುರಾಣಿ, ಹಿಂದೆ ಬಿಳಿ ಅಮೃತಶಿಲೆ ಕಂಬ. ಅದು ಟ್ರಾಯ್ ಕಾಲಕ್ಕಿಂತ ಐನೂರು ವರ್ಷಕ್ಕೂ ಆಮೇಲಿಂದು. ಟ್ರಾಯ್ ಇದ್ದ ಜಾಗ ಈಗಿನ ಟರ್ಕಿಯ ಹಿಸಾರ್ಲಿಕ್ ದಿಬ್ಬ, ಒಂದರ ಮೇಲೊಂದು ಊರು ಕಟ್ಟಿದ ಪದರಗಳು ಅಲ್ಲಿವೆ, ಯುದ್ಧದ ಕಥೆಗೆ ಜೋಡಿಸೋ ಪದರ ಸುಮಾರು ಕ್ರಿ.ಪೂ. 1180ರಲ್ಲಿ ನಾಶ ಆಗಿದ್ದು. ಅಂದ್ರೆ ಕಂಚಿನ ಯುಗ. ಆ ಕಾಲದ್ದೇ ಬರೀಬೇಕು ಅಂದ್ರೆ ನೋಡಬೇಕಾಗಿರೋದು ಗ್ರೀಸಿನಲ್ಲಿ ಅಗೆದು ತೆಗೆದ ಹಳೇ ಊರುಗಳು: ಮೈಸೀನಿ, ಪೈಲೋಸ್, ಸ್ಯಾಂಟೊರಿನಿ ದ್ವೀಪದ ಅಕ್ರೊತಿರಿ.

ಹೆಲ್ಮೆಟ್: ಕಾಡುಹಂದಿ ಕೋರೆಹಲ್ಲು ಸೀಳಿ ಸಾಲುಸಾಲಾಗಿ ಹೊಲಿದ ಟೋಪಿ ಥರದ್ದು. ಹತ್ತನೇ ಕಾಂಡದಲ್ಲಿ ಗ್ರೀಕ್ ವೀರ ಒಡಿಸ್ಯೂಸ್ ಹಾಕ್ಕೊಳ್ಳೋದು ಇದನ್ನೇ, ಮೈಸೀನಿಯನ್ ಸಮಾಧಿಗಳಲ್ಲಿ ನಿಜವಾಗ್ಲೂ ಸಿಕ್ಕಿದೆ. ಚಿತ್ರಕಾರನಿಗೆ ದೊಡ್ಡ ಉಪಕಾರ ಏನಂದ್ರೆ ಇದರಲ್ಲಿ ಮುಖ ಕಾಣತ್ತೆ. ಕವಚಕ್ಕೆ ದೆಂದ್ರ ಅನ್ನೋ ಊರಲ್ಲಿ 1960ರಲ್ಲಿ ಸಿಕ್ಕಿದ ಕಂಚಿನ ಕವಚ ನೋಡಿ, ಟ್ರಾಯ್‌ಗಿಂತ ಹಳೇದು, ಕುತ್ತಿಗೆಯಿಂದ ತೊಡೇವರೆಗೆ ಡ್ರಮ್ಮಿನೊಳಗೆ ಮನುಷ್ಯನ್ನ ಇಳಿಸಿದಂಗಿದೆ, ಮೊದಲ ಸಲ ನೋಡಿದೋರಿಗೆ ನಗು ಬರತ್ತೆ, ಆದ್ರೆ ಪೇಜ್ ಮೇಲೆ ಅದು ಕೊಡೋ ಭಾರನೇ ಬೇರೆ. ಹೊಸ ಕಂಚು ಮ್ಯೂಸಿಯಮ್ಮಲ್ಲಿರೋ ಥರ ಹಸಿರಾಗಿರಲ್ಲ, ಹೊಳೆಯೋ ಹೊಂಬಣ್ಣ. ಕಂಬಗಳು ಮರದ್ದು, ಕೆಂಪು ಬಣ್ಣ ಬಳಿದಿದ್ದು, ಮೇಲೆ ದಪ್ಪ ಕೆಳಗೆ ಸಣ್ಣ. ಟ್ರಾಯ್ ಕೋಟೆ ಗೋಡೆ ನೆಟ್ಟಗಿಲ್ಲ, ಬುಡ ಅಗಲ ಇದ್ದು ಒಳಗೆ ವಾಲಿದೆ, ಕಲ್ಲಿನ ಮೇಲೆ ಮಣ್ಣಿಟ್ಟಿಗೆ ಗೋಡೆ ಇತ್ತು. ಕುದುರೆ ಮೇಲೆ ಕೂತು ಯುದ್ಧ ಮಾಡೋರು ಇಲ್ಲ, ರಥದಲ್ಲಿ ಬಂದು ಇಳಿದು ಕಾಲ್ನಡಿಗೆಯಲ್ಲಿ ಹೊಡೆದಾಡೋದು. ನಾಣ್ಯ ಇಲ್ಲ. ಹೋಮರನ ವೀರರು ತಿನ್ನೋದು ಸುಟ್ಟ ಮಾಂಸ, ರೊಟ್ಟಿ, ನೀರು ಬೆರೆಸಿದ ವೈನು, ಊಟದ ಸೀನಲ್ಲಿ ಟೊಮೆಟೊ ಬಿಡಿಸಿಟ್ಟೀರ ಮತ್ತೆ.

"ಅಗಮೆಮ್ನಾನ್ ಮುಖವಾಡ" ಅಂತ ಫೇಮಸ್ ಆಗಿರೋ ಚಿನ್ನದ ಮುಖವಾಡ 1876ರಲ್ಲಿ ಶ್ಲೀಮನ್ ಅನ್ನೋ ಪುರಾತತ್ವಜ್ಞ ಮೈಸೀನಿಯಲ್ಲಿ ಅಗೆದು ತೆಗೆದಿದ್ದು, ಅದು ಈ ಯುದ್ಧಕ್ಕಿಂತ ಮುನ್ನೂರು ವರ್ಷಕ್ಕೂ ಹಳೇದು, ಹಂಗಾಗಿ ಅಗಮೆಮ್ನಾನ್ ಮುಖಕ್ಕೆ ಅದನ್ನ ಕಾಪಿ ಮಾಡೋಕೆ ಮುಂಚೆ ಯೋಚನೆ ಮಾಡಿ. ಪಾತ್ರಗಳ ಗುರುತು ಹೋಮರನೇ ಕೊಟ್ಟಿದಾನೆ: ಪ್ಯಾರಿಸ್ ಚಿರತೆ ಚರ್ಮ ಹೊದ್ಕೊಂಡು ಬರ್ತಾನೆ, ಗ್ರೀಕರ ವೀರ ಏಜಾಕ್ಸ್ ಎಲ್ಲರಿಗಿಂತ ಎತ್ತರ, ಏಳು ಪದರ ಎತ್ತಿನ ಚರ್ಮದ ಗುರಾಣಿ ಗೋಪುರದ ಥರ, ಒಡಿಸ್ಯೂಸ್ ಅಗಮೆಮ್ನಾನ್‌ಗಿಂತ ಕುಳ್ಳ ಆದ್ರೆ ಎದೆ ಭುಜ ಅಗಲ. ಏಜಾಕ್ಸ್ ಅಂತ ಇಬ್ಬರಿದಾರೆ, ಓದುಗರು ಗೊಂದಲ ಆಗೋದು ಗ್ಯಾರಂಟಿ, ಚಿಕ್ಕ ಏಜಾಕ್ಸ್ ನಿಮ್ಮ ಕಥೆಗೆ ಬೇಡ ಅನ್ಸಿದ್ರೆ ಕೈಬಿಡಿ.

ಹೂಜಿ ಬರೆದೋರ ಹತ್ರ ಟ್ಯೂಷನ್

ಇನ್ನೊಂದು ದಾರಿ, ಕಂಚಿನ ಯುಗ ಬೇಡ, ಗ್ರೀಕ್ ಮಡಿಕೆಗಳ ಮೇಲಿನ ಕಪ್ಪು-ಕೆಂಪು ಚಿತ್ರಗಳ ಶೈಲಿಯಲ್ಲೇ ಬರೆಯೋದು. ಯಾವ ಶೈಲಿ ತಗೊಂಡ್ರೂ ಎರಡು ಮಡಿಕೆ ಮಾತ್ರ ಕೂತು ನೋಡಲೇಬೇಕು. ಒಂದು, ಮೈಕೊನೊಸ್ ದ್ವೀಪದಲ್ಲಿ 1961ರಲ್ಲಿ ಸಿಕ್ಕಿದ ದೊಡ್ಡ ವಾಡೆ ಥರದ್ದು, ಕ್ರಿ.ಪೂ. ಸುಮಾರು 670ರದ್ದು. ಅದರ ಕತ್ತಲ್ಲಿ ಮರದ ಕುದುರೆ, ಚಕ್ರ ಇದೆ, ಮೈಯಲ್ಲಿ ಚೌಕ ಚೌಕ ಕಿಟಕಿ, ಒಂದೊಂದು ಕಿಟಕೀಲಿ ಒಂದೊಂದು ಸೈನಿಕನ ತಲೆ. ಹೊಟ್ಟೆ ಭಾಗದಲ್ಲಿ ಸಾಲುಸಾಲು ಚೌಕಗಳು, ಪ್ರತಿಯೊಂದರಲ್ಲೂ ಊರು ಬಿದ್ದ ರಾತ್ರಿಯ ಒಂದೊಂದು ದೃಶ್ಯ, ಹೆಂಗಸರು, ಮಕ್ಕಳು, ಕತ್ತಿ ಹಿಡಿದ ಗಂಡಸರು. ಅಂದ್ರೆ ಗ್ರಿಡ್ ಲೇಔಟು. ಕುದುರೆ ಒಂದು ದೊಡ್ಡ ಪ್ಯಾನೆಲ್, ಅದರ ಪರಿಣಾಮ ಚಿಕ್ಕ ಚಿಕ್ಕ ಪ್ಯಾನೆಲ್ ತುಂಬ.

ಎರಡನೇದು ವ್ಯಾಟಿಕನ್ ಮ್ಯೂಸಿಯಮ್ಮಲ್ಲಿರೋದು, ಎಕ್ಸೀಕಿಯಸ್ ಅನ್ನೋ ಕಲಾವಿದ ಕ್ರಿ.ಪೂ. 540-530ರ ಸುಮಾರಲ್ಲಿ ಮಾಡಿದ್ದು. ಅಕಿಲೀಸ್ ಮತ್ತೆ ಏಜಾಕ್ಸ್ ಯುದ್ಧದ ಮಧ್ಯ ಬಿಡುವಲ್ಲಿ ಪಗಡೆ ಥರದ ಆಟ ಆಡ್ತಿದಾರೆ, ಕೈಯಲ್ಲಿ ಈಟಿ ಹಂಗೇ ಇದೆ. ಅಕಿಲೀಸ್ ಬಾಯಿ ಹತ್ರ "ನಾಲ್ಕು", ಏಜಾಕ್ಸ್ ಬಾಯಿ ಹತ್ರ "ಮೂರು" ಅಂತ ಬರೆದಿದೆ. ಬಬಲ್ ಒಂದಿಲ್ಲ ಅಷ್ಟೇ, ಉಳಿದಿದ್ದೆಲ್ಲ ಕಾಮಿಕ್ಸೇ. ಅಕಿಲೀಸ್ ಹೆಲ್ಮೆಟ್ ಹಾಕ್ಕೊಂಡಿದಾನೆ, ಏಜಾಕ್ಸ್‌ದು ಪಕ್ಕಕ್ಕಿದೆ, ಗೆಲ್ತಿರೋನು ಯಾರು ಅಂತ ಆಕಾರ ನೋಡಿದ್ರೇ ಗೊತ್ತಾಗತ್ತೆ. ಎರಡೇ ಪದದಲ್ಲಿ ಸೀನ್ ಮುಗೀತು, ನಾವು ಅದೇ ಜಾಗದಲ್ಲಿ ನಾಲ್ಕು ಬಬಲ್ ತುಂಬಿಸ್ತೀವಿ.

ಒಂದು ಸೀನ್ ಒಡೆದು ನೋಡೋಣ

ಆರನೇ ಕಾಂಡ. ಹೆಕ್ಟರ್ ಮನೆಗೆ ಬಂದ್ರೆ ಹೆಂಡತಿ ಆಂಡ್ರೊಮಾಖಿ ಇಲ್ಲ, ಕೋಟೆ ಮೇಲೆ ಹೋಗಿದಾಳೆ ಅಂತಾರೆ, ವಾಪಸ್ ಓಡ್ತಾನೆ, ಹೆಬ್ಬಾಗಿಲ ಹತ್ರ ಅವಳೇ ಓಡಿ ಬರ್ತಾಳೆ, ಹಿಂದೆ ದಾದಿ ಕೈಯಲ್ಲಿ ಮಗು. ನಾನಾಗಿದ್ರೆ ಇದಕ್ಕೆ ಆರು ಪೇಜ್ ಕೊಡ್ತೀನಿ.

ಮೊದಲ ಪೇಜು ಪೂರ್ತಿ ಓಟ, ಸಣ್ಣ ಪ್ಯಾನೆಲ್‌ಗಳು, ಮಾತು ಒಂದೋ ಎರಡೋ. ಎರಡನೇ ಪೇಜಲ್ಲಿ ಹೆಕ್ಟರ್ ಮಗುನ ನೋಡಿ ಸುಮ್ನೆ ನಗ್ತಾನೆ, ಇದು ಹೋಮರಲ್ಲೇ ಇದೆ, ಮಾತಿಲ್ಲ, ಆ ಪ್ಯಾನೆಲ್ ಅಗಲವಾಗಿರ್ಲಿ. ಮೂರನೇದು ಆಂಡ್ರೊಮಾಖಿ ಮಾತು: ಅವಳಪ್ಪನ್ನ, ಏಳು ಜನ ಅಣ್ಣತಮ್ಮಂದಿರನ್ನ ಅಕಿಲೀಸೇ ಕೊಂದಿರೋದು, ಈಗ ನೀನೇ ನನಗೆ ಅಪ್ಪ ಅಮ್ಮ ಅಣ್ಣ ಗಂಡ ಎಲ್ಲ ಅಂತಾಳೆ. ಬರೀ ಅಳೋದಲ್ಲ, ಅಂಜೂರದ ಮರದ ಹತ್ರ ಗೋಡೆ ಹತ್ತೋಕೆ ಸುಲಭ ಇದೆ, ಸೈನ್ಯನ ಅಲ್ಲಿ ನಿಲ್ಸು ಅಂತ ಪ್ಲಾನೂ ಹೇಳ್ತಾಳೆ, ಇದನ್ನ ಸುಮಾರು ಜನ ಕಟ್ ಮಾಡ್ತಾರೆ, ಮಾಡ್ಬೇಡಿ, ಹಿನ್ನೆಲೆಯಲ್ಲಿ ಆ ಮರ ಬರೀರಿ. ನಾಲ್ಕರಲ್ಲಿ ಹೆಕ್ಟರ್ ಉತ್ತರ, ಟ್ರಾಯ್ ಬಿದ್ದ ಮೇಲೆ ಅವಳು ಯಾರದೋ ಮನೇಲಿ ನೀರು ಹೊರೋದನ್ನ ಅವನು ಕಲ್ಪಿಸ್ಕೊಳ್ತಾನೆ, ಆ ಪ್ಯಾನೆಲ್‌ಗಳಿಗೆ ಬಣ್ಣ ಬೇರೆ ಕೊಡಿ, ಬಾರ್ಡರ್ ತೆಗೀರಿ. ಐದನೇ ಪೇಜ್ ಬಲಗಡೆ ಬರೋ ಹಂಗೆ ನೋಡ್ಕೊಳ್ಳಿ, ಅದರ ಕೊನೇ ಪ್ಯಾನೆಲಲ್ಲಿ ಹೆಕ್ಟರ್ ಮಗು ಕಡೆ ಕೈ ಚಾಚ್ತಾನೆ, ನಾವು ನೋಡ್ತಿರೋದು ಮಗುವಿನ ಕಣ್ಣಿಂದ, ಕೆಳಗಿಂದ ಮೇಲಕ್ಕೆ, ಫ್ರೇಮ್ ತುಂಬ ಹೊಳೆಯೋ ಕಂಚು ಮೇಲೆ ಅಲ್ಲಾಡ್ತಿರೋ ಕುದುರೆ ಕೂದಲಿನ ತುರಾಯಿ. ಪೇಜ್ ತಿರುಗಿಸಿದ್ರೆ ಮಗು ಕಿಟಾರ್ ಅಂತ ಕಿರುಚಿ ದಾದಿ ಎದೆಗೆ ಅಂಟ್ಕೊಳ್ಳತ್ತೆ, ಅಪ್ಪ ಅಮ್ಮ ಇಬ್ರೂ ನಗ್ತಾರೆ, ಹೆಕ್ಟರ್ ಹೆಲ್ಮೆಟ್ ತೆಗೆದು ನೆಲದ ಮೇಲೆ ಇಡ್ತಾನೆ. ಮಗುಗೆ ಮುತ್ತು ಕೊಡೋ ಪ್ಯಾನೆಲಲ್ಲಿ ಮುಂದೆ ದೊಡ್ಡದಾಗಿ ಕಾಣಬೇಕಾಗಿರೋದು ನೆಲದ ಮೇಲಿರೋ ಆ ಹೆಲ್ಮೆಟ್ಟೇ, ಮನುಷ್ಯರು ಹಿಂದೆ ಚಿಕ್ಕದಾಗಿರ್ಲಿ.

(ಹೆಲ್ಮೆಟ್ಟಿಗೆ ತುರಾಯಿ ಇಲ್ದಿದ್ರೆ ಈ ಸೀನೇ ಇಲ್ಲ, ಹಂಗಾಗಿ ಹೆಕ್ಟರ್‌ಗೆ ಹಂದಿಹಲ್ಲಿನ ಟೋಪಿ ಬೇಡ, ಕಂಚಿಂದೇ ಇರ್ಲಿ.)

ಥಂಬ್‌ನೇಲ್ (ಪೇಜಿನ ಚಿಕ್ಕ ಕಚ್ಚಾ ಸ್ಕೆಚ್) ಬರೆಯುವಾಗ ಅಂಚೆ ಕಾರ್ಡ್ ಸೈಜಿಗಿಂತ ದೊಡ್ಡದು ಬರೀಬೇಡಿ. ಅಷ್ಟು ಚಿಕ್ಕದರಲ್ಲಿ ಅರ್ಥ ಆಗದ ಪೇಜ್ ದೊಡ್ಡದಾದ್ರೂ ಅರ್ಥ ಆಗಲ್ಲ.

ಸಾವು

ಯುದ್ಧದ ಕಾಮಿಕ್ಸ್ ಅಂದ್ರೆ ರಕ್ತ ಚಿಮ್ಮಿಸೋದು ಅಂದ್ಕೊಳ್ತಾರೆ. ಹೋಮರಲ್ಲೂ ರಕ್ತ ಬೇಕಾದಷ್ಟಿದೆ, ಆದ್ರೆ ಸಾಯೋರಿಗೆ ಅವನು ಹೆಸರು ಕೊಡ್ತಾನೆ, ಊರು ಕೊಡ್ತಾನೆ. ನಾಲ್ಕನೇ ಕಾಂಡದಲ್ಲಿ ಸಿಮೋಯೀಸಿಯಸ್ ಅನ್ನೋ ಹುಡುಗ ಬರ್ತಾನೆ. ಅವನಮ್ಮ ತನ್ನ ಅಪ್ಪ ಅಮ್ಮನ ಜೊತೆ ಕುರಿಮಂದೆ ನೋಡೋಕೆ ಹೋಗಿ ಇಡಾ ಬೆಟ್ಟ ಇಳಿದು ಬರ್ತಾ ಸಿಮೋಯಿಸ್ ನದಿ ದಂಡೆಯಲ್ಲಿ ಹೆತ್ತಿದ್ಲು, ಅದಕ್ಕೆ ಆ ಹೆಸರು. ಏಜಾಕ್ಸ್ ಈಟಿ ಬಲ ಎದೆಗೆ ಬೀಳತ್ತೆ, ಹುಡುಗ ಬೀಳೋದು ಜೌಗು ನೆಲದಲ್ಲಿ ಬೆಳೆದ ಪಾಪ್ಲರ್ ಮರನ ರಥ ಮಾಡೋನು ಚಕ್ರಕ್ಕೆ ಅಂತ ಕಡಿದು ಕೆಡವಿದಂಗೆ. ಅಷ್ಟೇ, ಮತ್ತೆ ಇಡೀ ಕಾವ್ಯದಲ್ಲಿ ಅವನಿಲ್ಲ. ಇದಕ್ಕೆ ಮೂರು ಪ್ಯಾನೆಲ್ ಸಾಕು: ನದಿ ದಂಡೆಯಲ್ಲಿ ಒಬ್ಬಳು ಹೆಂಗಸು, ಈಟಿ, ನದಿ ಪಕ್ಕ ಬಿದ್ದ ಮರ. ಎಲ್ಲ ಸಾವಿಗೂ ಹಿಂಗೆ ಮಾಡೋಕಾಗಲ್ಲ, ಚಾಪ್ಟರಿಗೊಂದು ಮಾಡಿ, ಉಳಿದ ಗದ್ದಲ ಎಲ್ಲ ದೂರದ ಶಾಟ್‌ನಲ್ಲಿ ಹೋಗ್ಲಿ.

ಮಾತು ಯಾವ ಕನ್ನಡದಲ್ಲಿ

ಪೌರಾಣಿಕ ಸಿನಿಮಾದ "ಎಲೈ ದುರುಳನೇ" ಶೈಲಿ ಒಂದು ಪೇಜ್ ಚೆನ್ನಾಗಿರತ್ತೆ, ಐವತ್ತು ಪೇಜ್ ತಡ್ಕೊಳ್ಳೋಕಾಗಲ್ಲ. ಹಂಗಂತ ಅಗಮೆಮ್ನಾನ್ ಬಾಯಲ್ಲಿ "ಗುರು, ಮಗಾ" ಅಂತ ಹಾಕಿದ್ರೆ ಟ್ರೋಲ್ ಪೇಜ್ ಆಗತ್ತೆ. ನನ್ನ ಮಟ್ಟಿಗೆ ಸರಿ ಕೂರೋದು ಸರಳ ಬರವಣಿಗೆ ಕನ್ನಡ, ಸಿಟ್ಟು ಬಂದಾಗ ಮಾತ್ರ ವಾಕ್ಯ ತುಂಡಾಗಬೇಕು. ಯಾರು ಯಾರಿಗೆ ಏಕವಚನ, ಯಾರಿಗೆ ಬಹುವಚನ ಅಂತ ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸ್ಕೊಳ್ಳಿ. ಅಗಮೆಮ್ನಾನ್ ಜೊತೆ ಜಗಳ ಆಡ್ತಾ ಅಕಿಲೀಸ್ ಯಾವ ಬಬಲಲ್ಲಿ "ನೀವು" ಬಿಟ್ಟು "ನೀನು"ಗೆ ಇಳೀತಾನೆ ಅನ್ನೋದೇ ಆ ಸೀನಿನ ತಿರುವು ಆಗ್ಬಹುದು.

ಕಥೆನೇ ಪೂರ್ತಿ ನಮ್ಮ ಕಡೆ ತರೋ ದಾರಿನೂ ಇದೆ, ಬಿಎಂಶ್ರೀ ಸೋಫೋಕ್ಲೀಸ್‌ನ ಏಜಾಕ್ಸ್ ನಾಟಕನ "ಅಶ್ವತ್ಥಾಮನ್" ಮಾಡಿದ್ದು ಹಂಗೇ. ಅದಕ್ಕೆ ಎರಡೂ ಕಡೆ ಸಾಹಿತ್ಯದ ಮೇಲೆ ಆ ಮಟ್ಟದ ಹಿಡಿತ ಬೇಕು, ಮೊದಲ ಪುಸ್ತಕಕ್ಕೆ ಟ್ರಾಯ್ ಟ್ರಾಯಲ್ಲೇ ಇರ್ಲಿ.

ಸೌಂಡ್ ವಿಷಯದಲ್ಲಿ ಮಾತ್ರ ನಾವು ಶ್ರೀಮಂತರು. ಠಣ್, ಧೊಪ್, ಸುಂಯ್, ಚರಕ್, ಗಡಗಡ, ಇಷ್ಟೆಲ್ಲ ಇಟ್ಕೊಂಡು ಇಂಗ್ಲಿಷ್ "ಬೂಮ್" ಯಾಕೆ? ಬಿದ್ದೋನ ಮೈಮೇಲೆ ಕವಚ ಖಣಖಣ ಅಂತು ಅನ್ನೋದು ಹೋಮರಲ್ಲಿ ಮತ್ತೆ ಮತ್ತೆ ಬರೋ ಸಾಲು, ಅದಕ್ಕೊಂದು ಸೌಂಡ್ ಫಿಕ್ಸ್ ಮಾಡಿ ಪ್ರತಿ ಸಲ ಅದೇ ಅಕ್ಷರ, ಅದೇ ಆಕಾರ ಬಳಸಿ.

ಲೆಟರಿಂಗ್ ಮತ್ತೆ ಪ್ರಿಂಟು

ಕನ್ನಡ ಲೆಟರಿಂಗ್‌ಗೆ ಇಂಗ್ಲಿಷ್ ಕಾಮಿಕ್ಸ್ ಲೆಕ್ಕ ನಡೆಯಲ್ಲ. ಒತ್ತಕ್ಷರ ಕೆಳಗಿಳಿಯತ್ತೆ, ಗುಣಿತ ಮೇಲೇರತ್ತೆ, ಹಂಗಾಗಿ ಸಾಲಿನ ನಡುವೆ ಜಾಗ ಫಾಂಟ್ ಸೈಜಿನ ಒಂದೂವರೆ ಪಟ್ಟು ಹತ್ರ ಇಟ್ಕೊಳ್ಳಿ. ಪದಗಳೂ ಉದ್ದ, "ಪ್ಯಾಟ್ರೊಕ್ಲಸನನ್ನು" ಅಂತ ಒಂದೇ ಪದ ಒಂದು ಸಾಲು ತಿನ್ನತ್ತೆ, ಅದಕ್ಕೆ ಬಬಲ್ ಅಗಲವಾಗಿರ್ಲಿ, ಹದಿನೈದು ಪದಕ್ಕಿಂತ ಜಾಸ್ತಿ ಆದ್ರೆ ಎರಡು ಮಾಡಿ. ಚಿತ್ರ ಬರೆದು ಆಮೇಲೆ ಬಬಲ್‌ಗೆ ಜಾಗ ಹುಡುಕೋದಲ್ಲ, ಥಂಬ್‌ನೇಲಲ್ಲೇ ಬಬಲ್ ಇರಬೇಕು. ಫಾಂಟ್ ವಿಷಯಕ್ಕೆ ಬಂದ್ರೆ, ಬಲೂ ತಮ್ಮ ಅನ್ನೋದು ದುಂಡಗಿದೆ, ಮಾತಿಗೆ ಓಕೆ, ಸ್ವಲ್ಪ ಮಕ್ಕಳ ಪುಸ್ತಕದ ಫೀಲ್ ಬರತ್ತೆ. ಹುಬ್ಬಳ್ಳಿ ಅನ್ನೋ ಫಾಂಟ್ ತೆಳ್ಳಗಿದೆ, ಕ್ಯಾಪ್ಷನ್‌ಗೆ ನೋಡಿ. ಎರಡೂ ಗೂಗಲ್ ಫಾಂಟ್ಸಲ್ಲಿ ಫ್ರೀ. ಕೈಬರಹ ಚೆನ್ನಾಗಿದ್ರೆ ಕೈಯಲ್ಲೇ ಬರೀರಿ, ಅದಕ್ಕಿಂತ ಚಂದ ಯಾವುದೂ ಇಲ್ಲ.

ಸಾಫ್ಟ್‌ವೇರ್ ಆರಿಸೋಕೆ ಮುಂಚೆ "ಸ್ತ್ರೀ", "ರಾಷ್ಟ್ರ", "ಕ್ರೌರ್ಯ" ಅಂತ ಮೂರು ಪದ ಟೈಪ್ ಮಾಡಿ ನೋಡಿ, ಒತ್ತು ಪಕ್ಕಕ್ಕೆ ಹಾರಿಬಿದ್ರೆ ಅದರಲ್ಲಿ ಚಿತ್ರ ಮಾತ್ರ ಬರೀರಿ, ಅಕ್ಷರ ಬೇರೆ ಕಡೆ ಹಾಕಿ. ಇಂಕ್‌ಸ್ಕೇಪ್ ಫ್ರೀ, ಯೂನಿಕೋಡ್ ಕನ್ನಡ ಸರಿಯಾಗಿ ಮೂಡತ್ತೆ. ಇನ್‌ಡಿಸೈನ್ ಇದ್ರೆ ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡೋದು ಮರೀಬೇಡಿ.

ಪ್ರಿಂಟಿಗೆ ಬಣ್ಣದ ಪೇಜ್ 300 ಡಿಪಿಐ, ಬರೀ ಕಪ್ಪು ಗೆರೆ ಇದ್ರೆ 600, ಸುತ್ತ 3 ಮಿ.ಮೀ. ಬ್ಲೀಡ್ (ಪೇಪರ್ ಕತ್ತರಿಸುವಾಗ ಹೋಗೋ ಹೆಚ್ಚುವರಿ ಅಂಚು). ಪೇಜ್ ಸಂಖ್ಯೆ 16ರ ಗುಣಕದಲ್ಲಿ, 48 ಇಲ್ಲ 64 ಅಂತ, ಇದ್ರೆ ಪ್ರೆಸ್ಸಲ್ಲಿ ಪೇಪರ್ ವೇಸ್ಟ್ ಆಗಲ್ಲ. ಟೈಟಲ್ ಪೇಜು, ಹಕ್ಕಿನ ಪೇಜು ಅಂತ ಮುಂದೆ ಸೇರಿಸಿದ ಪೇಜುಗಳು ಬೆಸ ಸಂಖ್ಯೆ ಆದ್ರೆ ಎಡ-ಬಲ ಅದಲುಬದಲಾಗಿ ಹೆಲ್ಮೆಟ್ ಪೇಜ್ ಎಡಕ್ಕೆ ಬಂದುಬಿಡತ್ತೆ, ಫೈಲ್ ಕಳ್ಸೋಕೆ ಮುಂಚೆ ಒಂದು ಸಲ ಜೆರಾಕ್ಸ್ ತೆಗೆದು ಮಡಚಿ ಪಿನ್ ಹೊಡೆದು ತಿರುವಿ ನೋಡಿ.